ಸಮ ಚಿಹ್ನೆಯ ಎರಡೂ ಬದಿ

ಊರಿನ ಹೆಸರು ಹಾಕಿದರೆ ಆ ಊರಿಗೆ ಮಾತ್ರ, ಖಾಲಿ ಬಿಟ್ಟರೆ ಇಡೀ ತಾಲ್ಲೂಕಿಗೆ. ಈ ಸವಲತ್ತನ್ನು ಕೇಳಿದವರು ಡಾಕ್ಟ್ರು, ಹೂಂ ಅಂದವರು ನಮ್ಮ ಮಾಲೀಕರು, ಬರೆದುಕೊಟ್ಟವಳು ನಾನು. ಬರೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಈಗ ಅದರ ಮಾತು ಬಂದರೆ ಮೈಯೆಲ್ಲ ಉರಿಯುತ್ತದೆ. ಉರಿಯುವುದು ಬೇರೆಯವರ ಮೇಲಲ್ಲ ಎನ್ನುವುದೇ ಇದರಲ್ಲಿನ ಕಷ್ಟ.

ತುಮಕೂರಿನ ಸದಾಶಿವನಗರದಲ್ಲಿ ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ ನಾವು ನಾಲ್ಕು ಜನ ಕೂತು ಸಾಫ್ಟ್‌ವೇರ್ ಬರೆಯುತ್ತೇವೆ. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳಲ್ಲಿ ದನಗಳಿಗೆ ಲಸಿಕೆ ಹಾಕಿಸುವ ಒಂದು ಖಾಸಗಿ ಟ್ರಸ್ಟು ನಮ್ಮ ಗಿರಾಕಿ. ಮಳೆ ಹಿಡಿಯುವುದಕ್ಕೆ ಮುಂಚೆ ಗಂಟಲು ಬೇನೆಯ ಸೂಜಿ ಬೀಳಬೇಕು. ಆ ಬೇನೆಗೆ ತಾಳ್ಮೆ ಇಲ್ಲ; ಬೆಳಿಗ್ಗೆ ಮೇವು ಬಿಟ್ಟ ದನ ಮಾರನೆಯ ದಿನಕ್ಕೆ ಉಳಿದರೆ ಪುಣ್ಯ. ಹಾಗಾಗಿ ಕ್ಯಾಂಪಿನ ಹಿಂದಿನ ದಿನ ಆ ಊರಿನಲ್ಲಿ ದನ ಕಟ್ಟಿದವರ ಫೋನುಗಳಿಗೆಲ್ಲ ಮೊದಲೇ ರೆಕಾರ್ಡು ಮಾಡಿಟ್ಟ ಒಂದು ಕರೆ ಹೋಗಬೇಕು. ಆ ಕರೆ ಹೊರಡಿಸುವ ಪ್ರೋಗ್ರಾಮಿಗೆ kare ಎಂದೇ ಹೆಸರು. ಅದರಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪು ಮಾಡಿ ಎಂಟರ್ ಹೊಡೆದರೆ, ಪಕ್ಕದಲ್ಲಿರುವ ಸಿಮ್ ಹಾಕಿದ ಡಬ್ಬಿ ಮಿಣುಕುತ್ತಾ ಒಂದೊಂದೇ ನಂಬರಿಗೆ ಫೋನು ಹಚ್ಚುತ್ತದೆ.

ಗುಬ್ಬಿ ಕಚೇರಿಯಲ್ಲಿ ಆ ಸಾಲನ್ನು ಟೈಪು ಮಾಡುತ್ತಿದ್ದವರು ಮೇಷ್ಟ್ರು. ಮೂವತ್ತು ವರ್ಷ ಗುಬ್ಬಿಯಲ್ಲಿ ಟೈಪಿಂಗ್ ಶಾಲೆ ನಡೆಸಿದವರು. ಶಾಲೆ ಮುಚ್ಚಿದ ಮೇಲೆ ಟ್ರಸ್ಟಿಗೆ ಬಂದರು. ಸುತ್ತಲಿನ ಕಚೇರಿಗಳ ಗುಮಾಸ್ತರಲ್ಲಿ ಅರ್ಧ ಜನ ಅವರ ಕೈಯಲ್ಲಿ ಬೈಸಿಕೊಂಡೇ ಟೈಪು ಕಲಿತವರು. ಸ್ವಂತ ಊರು ಸಿ.ಎಸ್. ಪುರದ ಹತ್ತಿರದ ಒಂದು ಹಳ್ಳಿ. ಫೋನಿನಲ್ಲಿ ಹೋಗುತ್ತಿದ್ದ ದನಿಯೂ ಅವರದೇ. "ನಮಸ್ಕಾರ. ನಾಳೆ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನಿಮ್ಮೂರ ಡೈರಿ ಮುಂದೆ ದನಗಳಿಗೆ ಸೂಜಿ ಹಾಕ್ತಾರೆ. ದಯವಿಟ್ಟು ಎಲ್ರೂ ಹಿಡ್ಕೊಂಡು ಬನ್ನಿ." ಊರಿನ ಹೆಸರಿಲ್ಲದ ಮಾತು, ಎಲ್ಲ ಊರಿಗೂ ಅದೇ ಸಾಕಾಗುತ್ತಿತ್ತು. ಆ ಕಡೆಯವರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅವತ್ತು ಬಸವನಿಗೆ ಬಿಡುವು. ಎತ್ತು ಕೊಟ್ಟಿಗೆಯಲ್ಲೇ ಇರುತ್ತವೆ ಎಂದು ಕ್ಯಾಂಪನ್ನು ಸೋಮವಾರಕ್ಕೇ ಇಡಬೇಕೆಂದು ಮೊದಲು ಹೇಳಿದವರೂ ಮೇಷ್ಟ್ರೇ. ಬೇರೆ ಯಾರಾದರೂ ಕರೆದಿದ್ದರೆ ಜನ ಮೀನಮೇಷ ಎಣಿಸುತ್ತಿದ್ದರು. "ಮೇಷ್ಟ್ರು ಕರ್ದವ್ರೆ" ಅಂದರೆ ಮುಗಿಯಿತು, ಹಗ್ಗ ಬಿಚ್ಚಿಕೊಂಡು ಹೊರಡುತ್ತಿದ್ದರು.

ಹಳೆಯ ಪ್ರೋಗ್ರಾಮಿನಲ್ಲಿ ಊರಿನ ಹೆಸರು ಕಡ್ಡಾಯ. `kare -o kadaba` ಎಂದರೆ ಕಡಬಕ್ಕೆ ಕರೆ. ಇಡೀ ತಾಲ್ಲೂಕಿಗೆ ಏನಾದರೂ ಹೇಳಬೇಕೆಂದರೆ ಒಂದೊಂದೇ ಊರನ್ನು ಟೈಪು ಮಾಡಬೇಕು. ಟ್ರಸ್ಟಿನ ಪಶುವೈದ್ಯರು, ಎಲ್ಲರ ಬಾಯಲ್ಲಿ ಬರೀ ಡಾಕ್ಟ್ರು, ಅದಕ್ಕೆ ರೇಗಿದರು. "ಎಲ್ಲಾ ಊರಿಗೂ ಅಂದಾಗ ಹೆಸ್ರು ಯಾಕ್ರೀ ಹೊಡೀಬೇಕು? ಖಾಲಿ ಬಿಟ್ರೆ ಎಲ್ರಿಗೂ ಹೋಗೋ ಹಂಗೆ ಮಾಡಿ." ಸರಿ, ಮಾಡಿದೆ.

ಇದರಲ್ಲಿ ಒಂದು ಗಂಟಿದೆ. ಹೆಸರು ಕಡ್ಡಾಯವಿದ್ದಾಗ ಪ್ರೋಗ್ರಾಮಿಗೆ ಯಾವ ಅನುಮಾನವೂ ಇಲ್ಲ. ಮುಂದೆ ಬಂದ ಪದವೇ ಊರು. ಹೆಸರನ್ನು ಇಟ್ಟರೂ ಆಯಿತು ಬಿಟ್ಟರೂ ಆಯಿತು ಎಂದ ಮೇಲೆ, ಮುಂದಿನ ಪದ ಊರೋ ಅಥವಾ ಬೇರೆ ಇನ್ನೇನೋ ಎಂದು ಅದಕ್ಕೆ ಹೇಗೆ ತಿಳಿಯಬೇಕು? ಇದಕ್ಕೆ ನಮ್ಮ ಕಸುಬಿನಲ್ಲಿ ಬಹುಕಾಲದಿಂದ ಒಂದು ರೂಢಿ ಇದೆ. ಹೆಸರು ಕೊಡುವುದಿದ್ದರೆ ನಡುವೆ ಸಮ ಚಿಹ್ನೆ ಹಾಕಿ, ಒಂದಕ್ಕೊಂದು ಅಂಟಿಸಿ ಬರೆಯಬೇಕು: `--ooru=kadaba`. ಅಂಟಿರದಿದ್ದರೆ ಹೆಸರು ಕೊಟ್ಟಿಲ್ಲ ಎಂದೇ ಲೆಕ್ಕ. ನಾನು ಆ ರೂಢಿಯನ್ನೇ ಹಿಡಿದೆ.

ಅಷ್ಟಕ್ಕೇ ನಿಲ್ಲದೆ ಇನ್ನೊಂದು ಬುದ್ಧಿವಂತಿಕೆಯನ್ನೂ ಮೆರೆದೆ. ಸಾಲಿನ ಕೊನೆಯಲ್ಲಿ ಬಿಡಿ ಪದವೇನಾದರೂ ಸಿಕ್ಕರೆ ಅದು ಧ್ವನಿ ಫೈಲಿನ ಹೆಸರು. ಬೇರೆ ದನಿ ಕೇಳಿಸಬೇಕೆಂದವರಿಗೆ ಅನುಕೂಲವಾಗಲಿ ಅಂತ. ಆ ಹೆಸರಿನ ಫೈಲು ಸಿಗದಿದ್ದರೆ ಸುಮ್ಮನೆ ಮಾಮೂಲಿ ದನಿಯನ್ನೇ ಕಳಿಸಿಬಿಡುವುದು. ತಪ್ಪಾಗಿ ಏನೋ ಟೈಪು ಮಾಡಿದರು ಅಂತ ಬೈದು ನಿಲ್ಲಿಸುವುದೇಕೆ, ಪಾಪ, ಕೆಲಸ ನಡೆದುಹೋಗಲಿ ಎಂದುಕೊಂಡೆ. ಆ ಪಾಪ ಎನ್ನುವ ಪದ ನನ್ನ ಕೋಡಿನಲ್ಲಿ ಟಿಪ್ಪಣಿಯಾಗಿ ಇವತ್ತಿಗೂ ಕೂತಿದೆ.

ಹೊಸ ಸಾಲು ಹೇಗೆ ಬರೆಯಬೇಕೆಂದು ಒಂದು ಚೀಟಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಬಸ್ಸಿನಲ್ಲಿ ಗುಬ್ಬಿಗೆ ಕಳಿಸಿದೆ. ನಾನು ಹೋಗಲಿಲ್ಲ. ತುಮಕೂರಿನಿಂದ ಗುಬ್ಬಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಚೀಟಿ ಹತ್ತಿದ ಬಸ್ಸನ್ನು ನಾನೂ ಹತ್ತಬಹುದಿತ್ತು.

ಆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಮೇಷ್ಟ್ರ ಫೋನು ಬಂತು.

"ಮೇಡಂ, ರಜಾ ದಿನ ತೊಂದ್ರೆ ಕೊಡ್ತಾ ಇದೀನಿ. ಕಡಬಕ್ಕೆ ಕರೆ ಹಾಕ್ದೆ. ಚೀಟೀಲಿ ಇರೋ ಹಂಗೇ ಹೊಡ್ದಿದೀನಿ. ಆದ್ರೆ ಡಬ್ಬಿ ಇನ್ನೂ ಮಿಣುಕ್ತಾನೇ ಇದೆ. ಕಡಬಕ್ಕೆ ಇಷ್ಟೊತ್ತು ಹಿಡಿಯಲ್ಲ ಯಾವತ್ತೂ."

"ನೆಟ್‌ವರ್ಕ್ ನಿಧಾನ ಇರ್ಬೇಕು ಮೇಷ್ಟ್ರೇ."

"ನಿಲ್ಸಿಬಿಡ್ಲಾ? ಒಂದ್ಸಲ ನೋಡ್ತೀರಾ?"

"ಅಯ್ಯೋ, ನಿಲ್ಸ್ಬೇಡಿ, ಅರ್ಧಕ್ಕೇ ನಿಂತ್ರೆ ಅದೊಂದು ರಾಮಾಯಣ. ಬಿಡಿ, ತಾನಾಗೇ ಮುಗ್ಯುತ್ತೆ."

"ಆಯ್ತು ಮೇಡಂ. ನೀವು ಹೇಳಿದ್ಮೇಲೆ ಸರಿ" ಎಂದು ಇಟ್ಟರು. ನಾನು ಮಗ್ಗುಲಾಗಿ ಮಲಗಿದೆ. ಚೆನ್ನಾಗಿ ನಿದ್ದೆಯೂ ಬಂತು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಡಾಕ್ಟ್ರು ಕಡಬದಿಂದ ಫೋನು ಮಾಡಿದರು. ಅವರ ತಂಡ ಕಡಬದ ಡೈರಿ ಮುಂದೆ ಸೂಜಿ ಹಾಕುತ್ತಿತ್ತು. ಉಳಿದೆಲ್ಲ ಹಳ್ಳಿಗಳಲ್ಲಿ ಜನ ಏಳು ಗಂಟೆಯಿಂದ ಅವರವರ ಊರಿನ ಡೈರಿ ಮುಂದೆ ದನ ಹಿಡಿದು ನಿಂತಿದ್ದರು. ಸೋಮವಾರ ಬೇರೆ, ಒಂದು ಎತ್ತೂ ಹೊಲಕ್ಕೆ ಹೋಗಿರಲಿಲ್ಲ. ಸಿ.ಎಸ್. ಪುರದ ಕಡೆ ಬಿಸಿಲಿಗೆ ಒಂದು ಗಬ್ಬದ ಹಸು ಕುಸಿದು ಬಿದ್ದಿತ್ತು, ಬಕೆಟ್ಟುಗಟ್ಟಲೆ ನೀರು ಹೊಯ್ದು ಎಬ್ಬಿಸಿದ್ದರು. ಎರಡು ಹೋರಿ ಕಾದಾಡಿ ಒಬ್ಬನ ಕಾಲು ಊದಿಕೊಂಡಿತ್ತು. "ಏನ್ ಕೆಲ್ಸ ಮಾಡಿದೀರ್ರೀ ನೀವು? ತಾಲ್ಲೂಕು ತಾಲ್ಲೂಕೇ ರಸ್ತೇಲಿ ನಿಂತದೆ! ನನ್ಹತ್ರ ಇರೋದು ಒಂದೂರಿನ ಲಸಿಕೆ" ಎಂದು ಡಾಕ್ಟ್ರು ಕಿರುಚುತ್ತಿದ್ದರು. ಹಿಂದೆ ದನಗಳು ಅರಚುತ್ತಿದ್ದವು.

ನಾನು ಕೂತಲ್ಲಿಂದಲೇ ಗುಬ್ಬಿಯ ಕಂಪ್ಯೂಟರಿಗೆ ಹೊಕ್ಕು, ಮೇಷ್ಟ್ರು ಹಿಂದಿನ ದಿನ ಟೈಪು ಮಾಡಿದ ಸಾಲನ್ನು ತೆಗೆದೆ. `kare --ooru = kadaba` ಎಂದಿತ್ತು.

ಸಮ ಚಿಹ್ನೆಯ ಎರಡೂ ಬದಿಗೆ ಒಂದೊಂದು ಖಾಲಿ ಜಾಗ. ನನ್ನ ಪ್ರೋಗ್ರಾಮ್ ಓದಿದ ರೀತಿ ಹೀಗೆ: ಊರು ಎಂದಿದ್ದಾರೆ, ಹೆಸರು ಅಂಟಿಲ್ಲ, ಅಂದರೆ ಇಡೀ ತಾಲ್ಲೂಕು. ಮುಂದೆ ಒಂದು ಬಿಡಿ ಪದ, ಸಮ ಚಿಹ್ನೆ; ಅದು ಧ್ವನಿ ಫೈಲು ಇರಬೇಕು. ಆ ಹೆಸರಿನ ಫೈಲಿಲ್ಲ. ಪಾಪ, ಮಾಮೂಲಿ ದನಿಯೇ ಹೋಗಲಿ. ಆಮೇಲಿನ ಕಡಬ ಎನ್ನುವ ಪದವನ್ನು ಅದು ಮೂಸಿಯೂ ನೋಡಲಿಲ್ಲ.

ಮಾಲೀಕರು ನನ್ನ ಹಿಂದೆ ಬಂದು ನಿಂತರು. ಕೆಟ್ಟವರೇನಲ್ಲ; ಸಂಕಟ ಬಂದಾಗ ಮಾತ್ರ ಅವರ ಕಣ್ಣಿಗೆ ತಪ್ಪಿಸಿಕೊಳ್ಳುವ ಬಾಗಿಲುಗಳೇ ಮೊದಲು ಕಾಣುವುದು. "ಚೀಟೀಲಿ ಅಂಟಿಸಿ ಬರೀಬೇಕು ಅಂತ ಇದೆ ತಾನೆ?"

"ಇದೆ ಸಾರ್."

"ಅವ್ರು ಬಿಡ್ಸಿ ಹೊಡ್ದವ್ರೆ ತಾನೆ? ಹಂಗಾದ್ರೆ ಬಳಸೋರ ತಪ್ಪು ಅಂತ ಒಂದ್ ರಿಪೋರ್ಟ್ ಬರ್ದ್ ಕಳ್ಸಮ್ಮ. ಇರೋದು ಇದೊಂದು ಒಳ್ಳೇ ಕಸ್ಟಮರ್ರು."

ಬರೆದೆ. 'ಸೂಚನಾ ಚೀಟಿಯಲ್ಲಿ ತೋರಿಸಿದಂತೆ ಆಜ್ಞೆಯನ್ನು ಟೈಪು ಮಾಡದೆ ಇದ್ದುದರಿಂದ ಕರೆಗಳು ಎಲ್ಲ ಗ್ರಾಮಗಳಿಗೂ ಹೋಗಿರುತ್ತವೆ.' ಒಂದಕ್ಷರ ಸುಳ್ಳಿಲ್ಲ. ಭಾನುವಾರ ಅವರು ಫೋನು ಮಾಡಿ ನಿಲ್ಲಿಸಲೇ ಎಂದು ಕೇಳಿದ್ದನ್ನು ಬರೆಯಲಿಲ್ಲ. ಅದನ್ನು ಬಿಟ್ಟದ್ದೇ ಆ ರಿಪೋರ್ಟಿನಲ್ಲಿ ನಾನು ಮಾಡಿದ ದೊಡ್ಡ ಕೆಲಸ. ಥೂ.

ಮಂಗಳವಾರ ಗುಬ್ಬಿಗೆ ಹೋದೆ. ಮೇಷ್ಟ್ರು ಮೇಜಿನ ಮುಂದೆ ನೆಟ್ಟಗೆ ಕೂತಿದ್ದರು, ಮೊಣಕೈ ಮೈಗೆ ಒತ್ತಿಕೊಂಡು, ಟೈಪಿಂಗ್ ಶಾಲೆಯಲ್ಲಿ ಹುಡುಗರಿಗೆ ಕಲಿಸುತ್ತಿದ್ದ ಹಾಗೇ. "ಒಂದ್ಸಲ ಹೊಡೆದು ತೋರಿಸಿ ಮೇಷ್ಟ್ರೇ" ಅಂದೆ. ಚೀಟಿಯನ್ನು ಎಡಗಡೆ ಒರಗಿಸಿಟ್ಟುಕೊಂಡು, ಕೀಲಿಗಳನ್ನು ನೋಡದೆ ಹೊಡೆದರು. ಸಮ ಚಿಹ್ನೆ ಬಂದ ಕೂಡಲೇ ಹೆಬ್ಬೆರಳು ತಾನಾಗಿ ಕೆಳಗಿಳಿದು ಖಾಲಿ ಜಾಗ ಒತ್ತಿತು. ಚಿಹ್ನೆ ಆದ ಮೇಲೆ ಮತ್ತೊಮ್ಮೆ ಒತ್ತಿತು.

"ಇದ್ಯಾಕೆ ಬಿಟ್ರಿ ಮೇಷ್ಟ್ರೇ?"

"ಯಾವ್ದು?"

"ಈ ಜಾಗ. ಎರಡು ಕಡೆ."

ಅವರು ಪರದೆಗೆ ಕಣ್ಣು ಹತ್ತಿರ ತಂದು ನೋಡಿದರು. ಬಿಟ್ಟದ್ದು ಅವರಿಗೇ ಗೊತ್ತಿರಲಿಲ್ಲ. "ಸಮ ಚಿಹ್ನೆಗೆ ಎರಡೂ ಕಡೆ ಜಾಗ ಬಿಡ್ಲೇಬೇಕಲ್ಲ ಮೇಡಂ. ಅದು ಟೈಪಿಂಗ್ ನಿಯಮ. ಬಿಡ್ದಿದ್ರೆ ಮಾರ್ಕ್ಸ್ ಕಟ್. ಮೂವತ್ತು ವರ್ಷ ನಾನೇ ಕಟ್ ಮಾಡಿದೀನಿ." ಚೀಟಿಯನ್ನು ಕೈಗೆತ್ತಿಕೊಂಡು, "ಹಂಗಾದ್ರೆ ತಪ್ಪು ನಂದೇ ಬುಡಿ. ಚೀಟಿ ಸರಿಯಾಗಿ ನೋಡ್ಬೇಕಿತ್ತು" ಅಂದರು.

ಆಗ ಹೇಳಬಹುದಿತ್ತು. ನಿಮ್ಮದಲ್ಲ ಮೇಷ್ಟ್ರೇ, ನನ್ನದು ಅಂತ ಒಂದು ಮಾತು. ನಾಲಿಗೆಯ ತುದಿಗೂ ಬಂತು. "ಇರ್ಲಿ ಬಿಡಿ, ಪ್ರೋಗ್ರಾಮ್ ಸರಿ ಮಾಡ್ತೀನಿ" ಎಂದು ದೊಡ್ಡವಳ ಹಾಗೆ ಹೇಳಿ ಎದ್ದು ಬಂದೆ.

ಟ್ರಸ್ಟಿನವರು ನನ್ನ ರಿಪೋರ್ಟು ಓದಿ ಮೇಷ್ಟ್ರನ್ನು ಕಂಪ್ಯೂಟರಿನಿಂದ ಎಬ್ಬಿಸಿದರು. ಲಸಿಕೆಯ ಐಸ್ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟರು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಜನ ಅವರನ್ನು ಕಂಡರೆ, "ಏನ್ ಮೇಷ್ಟ್ರೇ, ನಾಳೆ ಎಲ್ಲಿಗೆ ಹೊಡ್ಕೊಂಡು ಬರಾಣ ದನಾನ?" ಅನ್ನುತ್ತಿದ್ದರಂತೆ. ಅವರು ಬಸ್ ಸ್ಟ್ಯಾಂಡಿನ ದಾರಿ ಬಿಟ್ಟು ರೈಲ್ವೆ ಸ್ಟೇಷನ್ ಕಡೆಯಿಂದ ಸುತ್ತಿಕೊಂಡು ಬರತೊಡಗಿದರು ಎಂದು ಕಚೇರಿಯವರೇ ನನಗೆ ನಗುತ್ತಾ ಹೇಳಿದರು.

ನಾನು ತಿದ್ದುವುದಕ್ಕೆ ಕೂತೆ. ಆಗ ತೋಚಿದ ಪರಿಹಾರ ಸುಲಭದ್ದು: ಹೆಸರು ಅಂಟಿರದಿದ್ದರೆ ಪ್ರೋಗ್ರಾಮ್ ಮುಂದಿನ ಪದವನ್ನು ಇಣುಕಿ ನೋಡಲಿ. ಅದು ಬೇರೆ ಆಯ್ಕೆಗಳ ಹಾಗೆ ಅಡ್ಡಗೆರೆಯಿಂದ ಶುರುವಾಗದಿದ್ದರೆ ಅದನ್ನೇ ಊರು ಎಂದುಕೊಳ್ಳಲಿ. ನಡುವೆ ಬಿಡಿ ಸಮ ಚಿಹ್ನೆ ಸಿಕ್ಕರೆ ನುಂಗಿಕೊಳ್ಳಲಿ. ಮೇಷ್ಟ್ರ ಸಾಲನ್ನು ಹಾಗೇ ಕೊಟ್ಟು ನೋಡಿದೆ, ಕಡಬಕ್ಕೆ ಮಾತ್ರ ಹೋಯಿತು. ಅಂಟಿಸಿ ಕೊಟ್ಟೆ, ಹೋಯಿತು. ಖಾಲಿ ಬಿಟ್ಟೆ, ತಾಲ್ಲೂಕಿಗೆಲ್ಲ ಎಂದಿತು. ಗೆದ್ದೆ ಅಂದುಕೊಂಡು ಗುಬ್ಬಿಗೂ ಕುಣಿಗಲ್ಲಿಗೂ ಅದೇ ದಿನ ಹಾಕಿಬಿಟ್ಟೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕುಣಿಗಲ್ ಕಚೇರಿಯಲ್ಲಿ ಕರೆ ಹಾಕುವಾಕೆ ಅಚ್ಚುಕಟ್ಟು ಹೆಣ್ಣುಮಗಳು. ಪ್ರತಿ ಕ್ಯಾಂಪಿಗೂ ಹೊಸದಾಗಿ ತನ್ನ ದನಿಯನ್ನೇ ರೆಕಾರ್ಡು ಮಾಡಿ, ಆ ಫೈಲಿನ ಹೆಸರನ್ನು ಸಾಲಿನ ಕೊನೆಗೆ ಹಾಕುತ್ತಿದ್ದಳು. ಅಲ್ಲಿ ಆ ವಾರ ಇಡೀ ತಾಲ್ಲೂಕಿಗೆ ಒಟ್ಟಿಗೆ ಕ್ಯಾಂಪು, ಹೊರಗಿನಿಂದಲೂ ತಂಡಗಳು ಬಂದಿದ್ದವು. ಆಕೆ ನನ್ನ ಚೀಟಿಯ ಪ್ರಕಾರವೇ `kare --ooru camp2.wav` ಎಂದು ಹೊಡೆದಳು. ಊರು ಖಾಲಿ, ಅಂದರೆ ತಾಲ್ಲೂಕಿಗೆಲ್ಲ, ಕೊನೆಯದು ದನಿ. ಹಿಂದಿನ ವಾರವಾಗಿದ್ದರೆ ಸರಿಯಾಗಿಯೇ ಹೋಗುತ್ತಿತ್ತು. ಈಗ ನನ್ನ ಜಾಣ ಪ್ರೋಗ್ರಾಮ್ ಮುಂದಿನ ಪದವನ್ನು ಇಣುಕಿ ನೋಡಿ, camp2.wav ಎನ್ನುವುದು ಒಂದು ಊರೆಂದು ತೀರ್ಮಾನಿಸಿತು. ಆ ಊರಿನಲ್ಲಿ ಯಾರ ಬಳಿಯೂ ದನವಿರಲಿಲ್ಲ. ಒಂದು ಕರೆಯೂ ಹೊರಡಲಿಲ್ಲ. ಪರದೆಯ ಮೇಲೆ ಮಾತ್ರ 'ಯಶಸ್ವಿಯಾಗಿ ಮುಗಿಯಿತು' ಎಂದು ಬಂತು. ಅದನ್ನು ಬರೆದವಳೂ ನಾನೇ.

ಮರುದಿನ ಆಕೆಯ ಫೋನು. "ಅಕ್ಕಾ, ಒಂದು ನರಪಿಳ್ಳೇನೂ ಬಂದಿಲ್ಲ ಕಣಕ್ಕ. ಲಸಿಕೆಯೆಲ್ಲ ಪೆಟ್ಟಿಗೇಲಿ ಕೂತದೆ, ಐಸ್ ಕರಗ್ತಾ ಅದೆ. ನಾನೇನಾದ್ರೂ ತಪ್ಪು ಹೊಡುದ್ನಾ? ಗುಬ್ಬಿ ಮೇಷ್ಟ್ರಿಗೆ ಮಾಡ್ದಂಗೆ ನನ್ನೂ ಎಬ್ಬುಸ್ತಾರಾ?"

ಇಬ್ಬರು. ಇಬ್ಬರೂ ತಮ್ಮ ಬುದ್ಧಿಗೆ ಸರಿಯೆನಿಸಿದ್ದನ್ನು ಸರಿಯಾಗಿಯೇ ಹೊಡೆದಿದ್ದರು. ಇಬ್ಬರೂ ನಾನು ತಪ್ಪು ಮಾಡಿದೆನೇ ಎಂದು ನನ್ನನ್ನೇ ಕೇಳುತ್ತಿದ್ದರು.

ಅವತ್ತು ಪ್ರೋಗ್ರಾಮನ್ನು ಮೊದಲಿನಿಂದ ಓದಿದೆ. ಓದುತ್ತಾ ಹೋದಂತೆ ಒಂದು ವಿಷಯ ನಿಚ್ಚಳವಾಯಿತು. ಇಣುಕಿ ನೋಡಿದರೂ ತಪ್ಪು, ನೋಡದಿದ್ದರೂ ತಪ್ಪು. ಒಂದೇ ಸಾಲಿನಲ್ಲಿ, ಒಂದೇ ಜಾಗದಲ್ಲಿ, ಊರೂ ಇರಬಹುದು, ಇಲ್ಲದೆಯೂ ಇರಬಹುದು, ಅದರ ಬದಲು ಇನ್ನೊಂದೂ ಇರಬಹುದು ಅಂದರೆ ಯಾವ ಪ್ರೋಗ್ರಾಮೂ ಊಹೆಯನ್ನೇ ಮಾಡಬೇಕಾಗುತ್ತದೆ. ಊಹೆಯಿಂದ ಒಬ್ಬರನ್ನು ಉಳಿಸಿದರೆ ಇನ್ನೊಬ್ಬರ ಕುತ್ತಿಗೆಗೆ ಬರುತ್ತದೆ. ತಿದ್ದಬೇಕಾದ್ದು ಊಹೆಯನ್ನಲ್ಲ, ಖಾಲಿ ಬಿಟ್ಟರೂ ನಡೆಯುತ್ತದೆ ಎನ್ನುವ ಸವಲತ್ತನ್ನೇ ಕಿತ್ತುಹಾಕಬೇಕು.

ಕಿತ್ತುಹಾಕಿದೆ. ಊರು ಎಂದರೆ ಹೆಸರು ಕೊಡಲೇಬೇಕು. ಅಂಟಿಸಿದರೂ ಸರಿ, ಬಿಡಿಸಿದರೂ ಸರಿ, ಮೇಷ್ಟ್ರ ಹಾಗೆ ಎರಡೂ ಬದಿ ಜಾಗ ಬಿಟ್ಟರೂ ಸರಿ. ಎಲ್ಲ ಊರಿಗೂ ಕಳಿಸಬೇಕೆಂದರೆ `--ellaooru` ಎಂದು ಬೇರೆಯದೇ ಆಯ್ಕೆ. ಧ್ವನಿ ಫೈಲಿಗೂ ಅದರದೇ ಹೆಸರಿನ ಆಯ್ಕೆ. ಅರ್ಥವಾಗದ ಒಂದೇ ಒಂದು ಪದ ಉಳಿದರೂ ಏನನ್ನೂ ಮಾಡದೆ, ಆ ಪದವನ್ನು ತೋರಿಸಿ ನಿಲ್ಲಬೇಕು. ಫೈಲು ಸಿಗದಿದ್ದರೆ ನಿಲ್ಲಬೇಕು. ಹೊರಡುವ ಮುಂಚೆ ಎಷ್ಟು ಊರು, ಎಷ್ಟು ಫೋನು ಎಂದು ಹೇಳಿ, ಹೌದು ಎನ್ನುವ ಪದವನ್ನು ಟೈಪು ಮಾಡಿಸಿಕೊಂಡು ಮುಂದೆ ಹೋಗಬೇಕು. ಬರೀ ಎಂಟರ್ ಹೊಡೆದರೆ ಆಗದು. ಪಾಪ ಎಂದು ಬರೆದಿದ್ದ ಕಡೆಯಲ್ಲೆಲ್ಲ ಕೆಲಸ ನಿಲ್ಲುವ ಹಾಗೆ ಮಾಡಿದೆ. ಆ ಟಿಪ್ಪಣಿಯನ್ನು ಮಾತ್ರ ಬೇಕೆಂದೇ ಅಳಿಸದೆ ಬಿಟ್ಟೆ.

ಆಮೇಲೆ ಎರಡನೆಯ ರಿಪೋರ್ಟು ಬರೆದೆ. ಮೊದಲನೆಯದು ಅರ್ಧ ಸತ್ಯ ಎಂದು ಶುರುಮಾಡಿ, ಯಾವ ಸಾಲು, ಯಾಕೆ ತಪ್ಪು, ಬಿಡಿ ಪದಗಳನ್ನು ನಾನು ಹೇಗೆ ಗಮನಿಸದೆ ಬಿಟ್ಟೆ, ಭಾನುವಾರ ಮೇಷ್ಟ್ರು ಏನು ಕೇಳಿದರು, ನಾನು ಏನು ಹೇಳಿ ಮಲಗಿದೆ, ಎಲ್ಲವನ್ನೂ ಹಾಕಿದೆ. ಮಾಲೀಕರು ಓದಿ ಕುರ್ಚಿಯಿಂದ ಎದ್ದರು.

"ತಲೆ ನೆಟ್ಟಗಿದ್ಯೇನಮ್ಮ ನಿಂಗೆ? ಯಾರಾದ್ರೂ ತಮ್ ಕುತ್ಗೆಗೆ ತಾವೇ ಹಗ್ಗ ಹಾಕ್ಕೋತಾರಾ?"

"ಈಗ ಬೇರೆಯವ್ರ ಕುತ್ಗೇಲಿದೆ ಸಾರ್ ಅದು."

"ಅಷ್ಟು ವಯಸ್ಸಾದೋರು, ಇವತ್ತಲ್ಲ ನಾಳೆ ರಿಟೈರ್ ಆಗೋರು. ನಮ್ದು ಹಂಗಲ್ವಲ್ಲ?"

"ನಾನು ಕಳಿಸ್ತೀನಿ ಸಾರ್. ನೀವು ಬೇಕಾದ್ರೆ ನನ್ನ ಕೆಲ್ಸದಿಂದ ತೆಗೀರಿ."

ತೆಗೆಯಲಿಲ್ಲ, ಬೇರೆ ಯಾರೂ ಆ ಪ್ರೋಗ್ರಾಮನ್ನು ಮುಟ್ಟುವ ಧೈರ್ಯ ಮಾಡುತ್ತಿರಲಿಲ್ಲ. ಆದರೆ ಇವತ್ತಿನವರೆಗೂ ಅವರು ನನ್ನ ಜೊತೆ ಎರಡು ಮಾತು ನೆಟ್ಟಗೆ ಆಡಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ಅಜ್ಜಿ ಹೇಳುತ್ತಿದ್ದಳು. ಒದೆ ಬಿದ್ದದ್ದಕ್ಕೆ ನನಗೆ ಬೇಜಾರಿಲ್ಲ. ಎರಡು ವಾರ ತಡವಾಗಿ ಹೇಳಿದೆನಲ್ಲ, ಅದಕ್ಕೆ.

ಡಾಕ್ಟ್ರು ಓದಿ ಫೋನು ಮಾಡಿದರು. ಬೈಯಲಿಲ್ಲ. "ಇದನ್ನ ಮೊದ್ಲೇ ಹೇಳಕ್ಕೆ ಏನಾಗಿತ್ತು?" ಎಂದಷ್ಟೇ ಕೇಳಿದರು. ಕುಣಿಗಲ್ಲಿನಾಕೆಯನ್ನು ಯಾರೂ ಎಬ್ಬಿಸಲಿಲ್ಲ. ಮೇಷ್ಟ್ರನ್ನು ಮತ್ತೆ ಕಂಪ್ಯೂಟರಿನ ಮುಂದೆ ಕೂರಿಸಿದರು. ಹೊಸ ಪ್ರೋಗ್ರಾಮ್ ಹಾಕುವ ದಿನ ನಾನು ಬಸ್ಸು ಹತ್ತಿ ಹೋಗಿ ಪಕ್ಕದಲ್ಲೇ ನಿಂತೆ. ಸಿ.ಎಸ್. ಪುರದ ಕಡೆ, ಮೇಷ್ಟ್ರ ಊರಿಗೇ, ನಿಜವಾದ ಕ್ಯಾಂಪು ಬರುವ ಸೋಮವಾರಕ್ಕೆ ನಿಗದಿಯಾಗಿತ್ತು. ಅವರು ಹೊಡೆದರು, ಎರಡೂ ಬದಿ ಜಾಗ ಬಿಟ್ಟು. ಪ್ರೋಗ್ರಾಮ್ ಸರಿಯಾಗಿ ಓದಿಕೊಂಡು, ಇಷ್ಟು ಊರು, ಇಷ್ಟು ಫೋನು, ಹೋಗಲೇ ಎಂದು ಕೇಳಿ ನಿಂತಿತು.

ಮೇಷ್ಟ್ರು ಅದನ್ನು ಬಹಳ ಹೊತ್ತು ನೋಡಿದರು. "ಅವತ್ತೂ ಹಿಂಗೇ ಒಂದ್ ಮಾತು ಕೇಳಿದ್ರೆ ಸಾಕಾಗಿತ್ತಲ್ಲ ತಾಯಿ" ಅಂದರು. ಅದುವರೆಗೂ ಮೇಡಂ ಎನ್ನುತ್ತಿದ್ದವರು ಅವತ್ತು ತಾಯಿ ಅಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಕರೆಗಳು ಒಂದೂ ತಪ್ಪದೆ ಹೋದವು. ಸೋಮವಾರ ಡೈರಿ ಮುಂದೆ ಬಂದವರು ನಾಲ್ಕೇ ನಾಲ್ಕು ಜನ. ಅದರಲ್ಲಿ ಒಬ್ಬರು ಮೇಷ್ಟ್ರ ತಮ್ಮ. ಡಾಕ್ಟ್ರು ಮನೆ ಮನೆಗೆ ಆಳು ಕಳಿಸಿದರೆ, "ಹೋದ್ಸಲಾನೂ ಮೇಷ್ಟ್ರು ಹಿಂಗೇ ಅಂದಿದ್ರು, ಬುಡು" ಎಂದು ಒಳಗೆ ಹೋದರಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನ್ನ ಪ್ರೋಗ್ರಾಮ್ ಈಗ ಅಷ್ಟು ಚೆನ್ನಾಗಿ ಉರಿಯುತ್ತಿತ್ತು.

ಮಳೆ ಹಿಡಿದು ತಿಂಗಳಾಗಿರಬೇಕು. ಮೇಷ್ಟ್ರ ಫೋನು ಬಂತು. ಅವರ ಊರಿಗೆ ಗಂಟಲು ಬೇನೆ ಬಿದ್ದಿತ್ತು. ಅವರ ಬೀದಿಯಲ್ಲೇ ಒಬ್ಬಾಕೆಯ ಜೋಡಿ ಎತ್ತಿನಲ್ಲಿ ಒಂದು ಹೋಗಿತ್ತು. "ಅವ್ರ ಮನೆ ಮುಂದೆ ಓಡಾಡಕ್ಕೆ ಆಗ್ತಾ ಇಲ್ಲ ನಂಗೆ" ಎಂದರು. ನಾನು ಬರ್ತೀನಿ ಅಂದೆ. ನಾನೇ ಹೇಳಿದರೆ ಅವರ ಮೇಲಿನ ಕಳಂಕ ಹೋದೀತು ಎನ್ನುವ ಆಸೆ. ರಿಪೋರ್ಟು ಓದುವವರು ಟ್ರಸ್ಟಿನಲ್ಲಿದ್ದಾರೆ, ಊರಿನಲ್ಲಿ ಅದನ್ನು ಯಾರು ಓದುತ್ತಾರೆ?

ಮೇಷ್ಟ್ರ ಜೊತೆ ಆಕೆಯ ಮನೆಗೆ ಹೋದದ್ದೂ ಸೋಮವಾರವೇ. ಆಕೆಗೆ ಐವತ್ತರ ಮೇಲಾಗಿತ್ತು, ಗಟ್ಟಿಮುಟ್ಟು ಹೆಂಗಸು. ಹೊಲವನ್ನು ತಾನೇ ನಿಂತು ಉಳುಮೆ ಮಾಡಿಸುತ್ತಿದ್ದವಳು. ಕೊಟ್ಟಿಗೆಯಲ್ಲಿ ಒಂದು ಎತ್ತು ಕಟ್ಟಿತ್ತು. ಪಕ್ಕದ ಗೂಟಕ್ಕೆ ಹಗ್ಗ ಸುತ್ತಿಟ್ಟಿದ್ದಳು. ನಮ್ಮನ್ನು ಜಗಲಿಯ ಮೇಲೆ ಕೂರಿಸಿ ಎರಡು ಲೋಟ ಮಜ್ಜಿಗೆ ಕೊಟ್ಟಳು. ಮೇಷ್ಟ್ರು ಲೋಟ ಹಿಡಿದುಕೊಂಡೇ ಕೂತರು, ಕುಡಿಯಲಿಲ್ಲ.

ನಾನು ಹೇಳಿದೆ. ಕಂಪ್ಯೂಟರಿಗೆ ಊರಿನ ಹೆಸರು ಕೊಟ್ಟರೂ ಅದಕ್ಕೆ ಕಾಣದ ಹಾಗೆ ಬರೆದವಳು ನಾನು, ಮೇಷ್ಟ್ರು ಅನುಮಾನ ಬಂದು ನಿಲ್ಲಿಸಲೇ ಎಂದು ಕೇಳಿದರೂ ಬೇಡವೆಂದವಳು ನಾನು, ಆಮೇಲೆ ತಪ್ಪನ್ನು ಅವರ ತಲೆಗೆ ಕಟ್ಟಿದವಳೂ ನಾನು. ಅವರದು ಎಳ್ಳಷ್ಟೂ ತಪ್ಪಿಲ್ಲಮ್ಮ, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದೆ. ಹೇಳುವಾಗ ಅಳು ಬಂತು.

ಆಕೆ ಕೊನೆಯವರೆಗೂ ಕೇಳಿಸಿಕೊಂಡಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ನಿನ್ನ ಯಾಕವ್ವ ಬಯ್ಯಾನ? ನೀನ್ಯಾರು ಅಂತ್ಲೇ ನಂಗೊತ್ತಿಲ್ಲ. ನೀನು ನನ್ನ ಕರೀಲೂ ಇಲ್ಲ, ನಾನು ನಿನ್ನ ನಂಬ್ಲೂ ಇಲ್ಲ." ಮೇಷ್ಟ್ರ ಕಡೆ ತಿರುಗದೆ ಅವರತ್ತ ಗದ್ದ ಎತ್ತಿ ತೋರಿಸಿದಳು. "ಕರ್ದಿದ್ದು ಇವ್ರು. ಮೊದ್ಲು ಕರ್ದಾಗ ಬಸುರಿ ಮಗಳ್ನೂ ಜೊತೇಲಿ ಕರ್ಕಂಡು, ಬಿಸ್ಲಲ್ಲಿ ಹನ್ನೆರಡ್ ಗಂಟೆ ತಂಕ ನಿಂತಿದ್ದೆ. ಎರಡ್ನೇ ಸಲ ಕರ್ದಾಗ ಇದೇ ದನಿ ತಾನೆ ಅಂತ ಫೋನ್ ಮಡುಗ್ದೆ. ಮಡುಗ್ದೇ ಇದ್ರೆ ಎತ್ತು ಉಳೀತಿತ್ತು. ಅದು ನನ್ ಹಣೆಬರ. ಮಜ್ಗೆ ಕುಡೀರಿ ಮೇಷ್ಟ್ರೇ, ಹುಳಿ ಇಲ್ಲ."

ಮೇಷ್ಟ್ರು ಕುಡಿದರು. ಪೂರ್ತಿ ಕುಡಿದು ಲೋಟವನ್ನು ತಾವೇ ತೊಳೆದು ಬೋರಲು ಇಟ್ಟರು.

ಬಸ್ಸು ಹಿಡಿದು ಗುಬ್ಬಿಗೆ ವಾಪಸು ಬಂದೆವು. ಇಳಿದ ಮೇಲೆ, ಕಚೇರಿಯ ಮೆಟ್ಟಿಲ ಹತ್ತಿರ ನಿಂತು, "ನನ್ ದನಿ ಅಳ್ಸಾಕ್ಬುಡಿ ತಾಯಿ. ಟೈಪ್ ಬೇಕಾದ್ರೆ ಮಾಡ್ಕೊಡ್ತೀನಿ. ದನಿ ಬ್ಯಾಡ" ಎಂದರು. ಬೇಡ ಮೇಷ್ಟ್ರೇ, ಜನ ಮರೆಯುತ್ತಾರೆ ಎನ್ನಬೇಕೆಂದಿದ್ದೆ. ಅವರ ಮುಖ ನೋಡಿ ಮೆಟ್ಟಿಲು ಹತ್ತಿ ಒಳಗೆ ನಡೆದೆ.

ಅವರ ಕುರ್ಚಿಯಲ್ಲೇ ಕೂತು, ಅವರ ಎದುರಿಗೇ ದನಿ ಅಳಿಸುವ ಸಾಲನ್ನು ಹೊಡೆದೆ. ಅಳಿಸಲೇ ಎಂದು ಕೇಳಿ ಪ್ರೋಗ್ರಾಮ್ ನಿಂತಿತು. ಎಂಟರ್ ಹೊಡೆದೆ, ಅದು ಮತ್ತೆ ಅದನ್ನೇ ಕೇಳಿತು. ಖಾಲಿ ಬಿಟ್ಟರೆ ನಡೆಯುವುದಿಲ್ಲ, ಆ ನಿಯಮ ಬರೆದವಳು ನಾನೇ. ಮೇಷ್ಟ್ರು ಹಿಂದೆ ನಿಂತು ನೋಡುತ್ತಿದ್ದರು. ಒಂದೊಂದೇ ಅಕ್ಷರ ಒತ್ತಿ ಹೌದು ಎಂದು ಪೂರ್ತಿ ಟೈಪು ಮಾಡಿದೆ.